ಪೋಸ್ಟ್‌ಗ್ರೆಸ್ 13ಕ್ಕೆ ಫೆಬ್ರವರಿ 28ರ ಗಡುವು, ನಮ್ಮ ಹಂಗಾಮು ಇನ್ನೂ ಮುಗಿದಿರುವುದಿಲ್ಲ: ಈಗಲೇ ಅಪ್‌ಗ್ರೇಡ್ ಮಾಡಬೇಕಾ?

ಮುಧೋಳ_ಕಾಟಾ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಮುಧೋಳ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯ ಕಾಟಾ (ಗಾಡಿ ತೂಗುವ ವೇದಿಕೆ) ಸಾಫ್ಟ್‌ವೇರ್ ನೋಡಿಕೊಳ್ಳುವವಳು ನಾನು. ಕಬ್ಬಿನ ಗಾಡಿ ಒಳಗೆ ಬರುವಾಗ ಒಂದು ತೂಕ, ಖಾಲಿಯಾಗಿ ಹೊರಗೆ ಹೋಗುವಾಗ ಇನ್ನೊಂದು ತೂಕ. ಎರಡರ ನಡುವಿನ ಅಂತರ ರೈತನ ಚೀಟಿಯಲ್ಲಿ ಬರುತ್ತದೆ. ಆ ಚೀಟಿಯಿಂದಲೇ ಬಿಲ್. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಹಾಗಾಗಿ ನಮ್ಮ ಡೇಟಾಬೇಸ್‌ನಲ್ಲಿ ಒಂದು ಸಾಲು ಕಳೆದುಹೋದರೂ ಅದು ಒಂದು ಮನೆಯ ವರ್ಷದ ಗಳಿಕೆಯ ಪಾಲು. ನಮ್ಮ ಮನೆಯವರದೂ ಕಬ್ಬಿನ ಹೊಲ. ಈ ಚೀಟಿಯ ಬೆಲೆ ನನಗೆ ಚೆನ್ನಾಗಿ ಗೊತ್ತು.

ಈಗ ಇರುವ ವ್ಯವಸ್ಥೆ: ಅಮೆಜಾನ್ ಆರ್‌ಡಿಎಸ್ (ಅಮೆಜಾನ್ ನಡೆಸಿಕೊಡುವ ಡೇಟಾಬೇಸ್ ಸೇವೆ), ಮುಂಬೈ ರೀಜನ್, ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ 13ನೇ ಆವೃತ್ತಿ. ಡಿಬಿ ಎಂ6ಜಿ ಲಾರ್ಜ್ ಗಾತ್ರದ ಸರ್ವರ್, ಮಲ್ಟಿ ಎಝಡ್ (ಬೇರೆ ಕಡೆ ಒಂದು ಮೀಸಲು ಪ್ರತಿ ಸದಾ ಸಿದ್ಧ). ಸ್ಟೋರೇಜ್ 200 ಜಿಬಿ, ಜಿಪಿ2 ಅನ್ನುವ ಡಿಸ್ಕ್ ಬಗೆ. ಹೊಲಗಳ ಸರ್ವೆ ಗಡಿಗಳಿಗೆ ಪೋಸ್ಟ್‌ಜಿಐಎಸ್ ಅನ್ನುವ ನಕ್ಷೆಯ ವಿಸ್ತರಣೆ ಹಾಕಿದ್ದೇವೆ. ಕಾಟಾದ ಮೇಲಿರುವ ಪಿಸಿಗಳು ಹಳೆಯ ವಿಂಡೋಸ್. ಅವು ವಿಪಿಎನ್ ಒಳಗಿನಿಂದ ಒಡಿಬಿಸಿ ಡ್ರೈವರ್ (ಡೇಟಾಬೇಸ್‌ಗೆ ಕೊಂಡಿ ಹಾಕುವ ತಂತ್ರಾಂಶ) ಮೂಲಕ ನೇರವಾಗಿ ಡೇಟಾಬೇಸ್ ಮುಟ್ಟುತ್ತವೆ.

13ಕ್ಕೆ ಪೋಸ್ಟ್‌ಗ್ರೆಸ್ ಸಮುದಾಯದ ಬೆಂಬಲ 2025ರ ನವೆಂಬರ್‌ನಲ್ಲೇ ಮುಗಿದಿದೆ. ಆರ್‌ಡಿಎಸ್‌ನ ಸ್ಟ್ಯಾಂಡರ್ಡ್ ಸಪೋರ್ಟ್ 2026ರ ಫೆಬ್ರವರಿ 28ರವರೆಗೆ. ಮಾರ್ಚ್ 1ರಿಂದ ಎಕ್ಸ್‌ಟೆಂಡೆಡ್ ಸಪೋರ್ಟ್ ಅಂತ ಬೇರೆ ದುಡ್ಡು ಕಟ್ಟಬೇಕು. ಆದರೆ ಆ ಹೊತ್ತಿಗೆ ನಮ್ಮಲ್ಲಿ ಇನ್ನೂ ಕಬ್ಬು ನುರಿಸುತ್ತಿರುತ್ತಾರೆ. ಬಿಸಿಲು ಏರುವ ಕಾಲ. ಕಡಿದ ಕಬ್ಬು ಗಾಡಿಯಲ್ಲೇ ಒಣಗಿ ತೂಕ ಇಳಿಯುತ್ತದೆ. ರಾತ್ರಿಯಿಡೀ ಟ್ರ್ಯಾಕ್ಟರ್‌ಗಳು ಪಾಳಿ ಹಚ್ಚಿ ನಿಂತಿರುತ್ತವೆ. ಆಗ ಕಾಟಾ ನಿಲ್ಲಿಸುತ್ತೇನೆ ಅಂತ ಯಾರ ಮುಂದೆ ಹೇಳಲಿ?

ಇನ್ನೊಂದು ಭಯವೂ ಇದೆ. ನಾನು ಏನೂ ಮಾಡದೆ ಸುಮ್ನೆ ಇದ್ದರೆ ಫೆಬ್ರವರಿ 28ರ ರಾತ್ರಿ ಅದು ತಾನಾಗಿಯೇ ಅಪ್‌ಗ್ರೇಡ್ ಆಗಿಬಿಡುತ್ತದಾ? ಇದರ ಜೊತೆಗೆ, ರಾತ್ರಿ 10ರ ನಂತರ ಚೀಟಿ ಬರುವುದು ತಡವಾಗುತ್ತಿದೆ. ಆ ಹೊತ್ತಿಗೇ ದಿನದ ರಿಪೋರ್ಟ್ ಕೂಡ ಓಡುತ್ತದೆ. ಹೊಸ ಆವೃತ್ತಿಗೆ ಹೋದರೆ ಇದು ಸರಿಹೋಗುತ್ತದಾ?

ಟಿಳಕವಾಡಿ_ಡೆವ್:

ಬ್ಲೂ ಗ್ರೀನ್ ಡಿಪ್ಲಾಯ್‌ಮೆಂಟ್ ಬಳಸಿ. ಪೋಸ್ಟ್‌ಗ್ರೆಸ್‌ಗೆ 2023ರ ಅಕ್ಟೋಬರ್‌ನಲ್ಲಿ ಬಂತು. ಈಗಿನ ಡೇಟಾಬೇಸ್ ಬ್ಲೂ. ಅದರ ಪಕ್ಕದಲ್ಲಿ ಹೊಸ ಆವೃತ್ತಿಯ ಗ್ರೀನ್ ತಯಾರಾಗುತ್ತದೆ, ಬ್ಲೂನಲ್ಲಿ ಬರೆದದ್ದೆಲ್ಲ ಅಲ್ಲಿಗೂ ಹರಿದು ಹೋಗುತ್ತದೆ. ಸಿದ್ಧ ಅನಿಸಿದಾಗ ಸ್ವಿಚ್‌ಓವರ್ ಒತ್ತಬೇಕು, ಕೆಲಸ ಗ್ರೀನ್‌ಗೆ ದಾಟುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಪಿಸಿಗಳು ಕನೆಕ್ಟ್ ಆಗುವ ಎಂಡ್‌ಪಾಯಿಂಟ್ ಹೆಸರೂ ಬದಲಾಗುವುದಿಲ್ಲ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಮಾಡಿದರೆ ಒಂದು ಗಾಡಿಯೂ ಕಾಯಬೇಕಿಲ್ಲ. ಎಕ್ಸ್‌ಟೆಂಡೆಡ್ ಸಪೋರ್ಟ್‌ಗೆ ದುಡ್ಡು ಯಾಕೆ ಸುರಿಯಬೇಕು?

ಗುಮ್ಮಟನಗರಿ_ಡಿಬಿಎ:

ಬ್ಲೂ ಗ್ರೀನ್ ಒಳ್ಳೆಯ ಸೌಲಭ್ಯ, ನಾನೂ ಬಳಸುತ್ತೇನೆ. ಆದರೆ ಇವರಿಗೆ ಹಂಗಾಮಿನ ನಡುವೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ಆ ಒಂದು ನಿಮಿಷ ಅಲ್ಲ, ಅದರ ನಂತರದ ಹೊತ್ತು. ಸ್ವಿಚ್‌ಓವರ್ ಆದಮೇಲೆ ಹಳೆಯ ಡೇಟಾಬೇಸ್ ಹೆಸರಿನ ಕೊನೆಗೆ ಓಲ್ಡ್1 ಅಂತ ಸೇರಿ ಅದು ಪಕ್ಕದಲ್ಲಿ ಉಳಿಯುತ್ತದೆ, ನಿಜ. ಆದರೆ ಹೊಸದರಲ್ಲಿ ಬರೆದದ್ದು ಹಳೆಯದಕ್ಕೆ ತಿರುಗಿ ಹರಿಯುವುದಿಲ್ಲ. ಮೂರು ತಾಸಿನ ನಂತರ ಏನೋ ತೊಂದರೆ ಕಂಡು ಹಿಂದಕ್ಕೆ ಹೋಗಬೇಕಾಯಿತು ಅಂದುಕೊಳ್ಳಿ. ಆ ಮೂರು ತಾಸಿನ ಚೀಟಿಗಳನ್ನು ಕೈಯಿಂದ ಸಾಗಿಸಬೇಕು. ರಾತ್ರಿ, ಪಾಳಿಯಲ್ಲಿ ಗಾಡಿಗಳು ನಿಂತಿರುವಾಗ, ಅದನ್ನು ಯಾರು ಮಾಡುತ್ತಾರೆ?

ಮೊದಲು ನಿಮ್ಮ ಭಯದ ವಿಷಯ. ಈಗಾಗಲೇ ಓಡುತ್ತಿರುವ ಇನ್‌ಸ್ಟನ್ಸ್‌ಗಳು (ಡೇಟಾಬೇಸ್ ಸರ್ವರ್‌ಗಳು) ತಾವಾಗಿಯೇ ಎಕ್ಸ್‌ಟೆಂಡೆಡ್ ಸಪೋರ್ಟ್‌ಗೆ ಸೇರುತ್ತವೆ. ಹೊಸದಾಗಿ ಮಾಡುವಾಗ ಅಥವಾ ಸ್ನ್ಯಾಪ್‌ಶಾಟ್‌ನಿಂದ (ಆ ಕ್ಷಣದ ಪೂರ್ತಿ ನಕಲು) ರಿಸ್ಟೋರ್ ಮಾಡುವಾಗ ಯಾರಾದರೂ ಅದನ್ನು ಬೇಡ ಅಂತ ಆರಿಸಿದ್ದರೆ ಮಾತ್ರ ಗಡುವಿನ ನಂತರ ತಾನಾಗಿಯೇ ಮೇಜರ್ ಅಪ್‌ಗ್ರೇಡ್ (13ರಿಂದ ಮುಂದಿನ ಸಂಖ್ಯೆಗೆ) ಆಗುತ್ತದೆ. ಇನ್‌ಸ್ಟನ್ಸ್ ವಿವರದಲ್ಲಿ ಎಂಜಿನ್ ಲೈಫ್‌ಸೈಕಲ್ ಸಪೋರ್ಟ್ ಅನ್ನುವ ಸಾಲು ನೋಡಿ. ಅಲ್ಲಿ ಡಿಸೇಬಲ್ಡ್ ಅಂತ ಇದ್ದರೆ ತಕ್ಷಣ ಇಲ್ಲಿ ಹೇಳಿ, ಆಗ ದಾರಿ ಬೇರೆ.

ದುಡ್ಡಿನ ಲೆಕ್ಕ. ಎಕ್ಸ್‌ಟೆಂಡೆಡ್ ಸಪೋರ್ಟ್‌ನ ದರ ವಿಸಿಪಿಯು (ಸರ್ವರ್‌ನ ಪ್ರೊಸೆಸರ್ ಪಾಲು) ಮತ್ತು ಗಂಟೆಯ ಮೇಲೆ. ಅಮೆರಿಕದ ವರ್ಜೀನಿಯಾ ರೀಜನ್‌ನಲ್ಲಿ ಮೊದಲ ಎರಡು ವರ್ಷ ಒಂದು ವಿಸಿಪಿಯುಗೆ ಗಂಟೆಗೆ 10 ಸೆಂಟ್, ಮೂರನೇ ವರ್ಷ ಅದರ ಎರಡರಷ್ಟು. ಎಂ6ಜಿ ಲಾರ್ಜ್ ಅಂದರೆ 2 ವಿಸಿಪಿಯು. ಮಲ್ಟಿ ಎಝಡ್ ಇರುವುದರಿಂದ ಸ್ಟ್ಯಾಂಡ್‌ಬೈ ಸೇರಿ 4. ತಿಂಗಳಿಗೆ 730 ಗಂಟೆ ಹಿಡಿದರೆ 292 ಡಾಲರ್. ಮುಂಬೈ ದರ ಬೇರೆ ಇರುತ್ತದೆ, ಆ ರೀಜನ್ ಆರಿಸಿ ಲೆಕ್ಕ ಹಾಕಿ. ಮುಖ್ಯವಾದದ್ದು, ಇದು ವರ್ಷದ ಚಂದಾ ಅಲ್ಲ. ಅಪ್‌ಗ್ರೇಡ್ ಆದ ಕೂಡಲೇ ನಿಲ್ಲುತ್ತದೆ. ಹಂಗಾಮು ಮುಗಿಯುವ ತನಕದ ದಿನಗಳಿಗೆ ಮಾತ್ರ ಕಟ್ಟಿ, ಕಾರ್ಖಾನೆ ನಿಂತ ಮೇಲೆ ನೆಮ್ಮದಿಯಿಂದ ಅಪ್‌ಗ್ರೇಡ್ ಮಾಡಿ. ಆಡಳಿತದವರಿಗೆ ಈ ಲೆಕ್ಕವನ್ನೇ ತೋರಿಸಿ. ಒಂದು ರಾತ್ರಿ ಕಾಟಾ ನಿಂತರೆ ಆಗುವ ನಷ್ಟ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಅಂದ ಹಾಗೆ, ಮಲ್ಟಿ ಎಝಡ್ ಇದೆ, ಹಾಗಾಗಿ ನೇರ ಅಪ್‌ಗ್ರೇಡ್‌ನಲ್ಲೂ (ಬ್ಲೂ ಗ್ರೀನ್ ಇಲ್ಲದೆ ಇದೇ ಡೇಟಾಬೇಸ್‌ನಲ್ಲಿ ಮಾಡುವುದು) ಡೌನ್‌ಟೈಮ್ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೇಜರ್ ಅಪ್‌ಗ್ರೇಡ್‌ನಲ್ಲಿ ಪ್ರೈಮರಿ, ಸ್ಟ್ಯಾಂಡ್‌ಬೈ ಎರಡೂ ಒಟ್ಟಿಗೆ ಕೆಳಗಿಳಿಯುತ್ತವೆ.

ನನಗೆ ನಿಜವಾಗಿ ಕಾಳಜಿ ಇರುವುದು ನಿಮ್ಮ ಕಾಟಾ ಪಿಸಿಗಳ ಬಗ್ಗೆ. ಆರ್‌ಡಿಎಸ್‌ನಲ್ಲಿ ಪೋಸ್ಟ್‌ಗ್ರೆಸ್ 15ರಿಂದ ಆರ್‌ಡಿಎಸ್ ಡಾಟ್ ಫೋರ್ಸ್ ಎಸ್‌ಎಸ್‌ಎಲ್ ಅನ್ನುವ ಪ್ಯಾರಾಮೀಟರ್ ಮೊದಲಿಂದಲೇ 1 ಆಗಿರುತ್ತದೆ. 13ರಲ್ಲಿ ಅದು 0. ಎಸ್‌ಎಸ್‌ಎಲ್ (ಗೂಢಲಿಪಿಯ ಸಂಪರ್ಕ) ಇಲ್ಲದೆ ಬರುವ ಪಿಸಿಯನ್ನು ಹೊಸ ಡೇಟಾಬೇಸ್ ಒಳಗೇ ಬಿಡುವುದಿಲ್ಲ. ಪ್ಯಾರಾಮೀಟರ್ ಗ್ರೂಪ್ (ಸೆಟ್ಟಿಂಗ್‌ಗಳ ಕಟ್ಟು) ಆವೃತ್ತಿಗೆ ತಕ್ಕಂತೆ ಬೇರೆಬೇರೆ. 13ರಲ್ಲಿ ನೀವು ತಿದ್ದಿಕೊಂಡ ಸೆಟ್ಟಿಂಗ್‌ಗಳು ಹೊಸ ಆವೃತ್ತಿಗೆ ತಾನಾಗಿ ಬರುವುದಿಲ್ಲ, ಹೊಸ ಗ್ರೂಪ್ ಮಾಡಿ ಒಂದೊಂದನ್ನೂ ನೋಡಿ ಹಾಕಬೇಕು. ಅಲ್ಲಿ ಇದನ್ನು 0 ಮಾಡಿ ದಾಟಿಕೊಳ್ಳಬಹುದು. ಆದರೆ ರೈತರ ಬ್ಯಾಂಕ್ ವಿವರ ಹೋಗುವ ದಾರಿ ಅದು, ಹಾಗೆ ಮಾಡಬೇಡಿ.

ಇದನ್ನು ಅಪ್‌ಗ್ರೇಡ್‌ಗೆ ಕಾಯದೆ ಈಗಲೇ ಪರೀಕ್ಷಿಸಬಹುದು. 13ರಲ್ಲಿ ಎಸ್‌ಎಸ್‌ಎಲ್ ಕಡ್ಡಾಯ ಅಲ್ಲ, ಆದರೆ ಕೇಳಿದವರಿಗೆ ಸಿಗುತ್ತದೆ. ಗಾಡಿ ಕಡಿಮೆ ಇರುವ ಹೊತ್ತು ನೋಡಿ ಒಂದೇ ಒಂದು ಪಿಸಿಯ ಒಡಿಬಿಸಿ ಸೆಟ್ಟಿಂಗ್‌ನಲ್ಲಿ ಎಸ್‌ಎಸ್‌ಎಲ್ ಮೋಡ್ ರಿಕ್ವೈರ್ ಮಾಡಿ. ಆಮೇಲೆ ಡೇಟಾಬೇಸ್‌ನಲ್ಲಿ ಪಿಜಿ ಸ್ಟ್ಯಾಟ್ ಎಸ್‌ಎಸ್‌ಎಲ್ ಅನ್ನುವ ವ್ಯೂ ನೋಡಿ. ಆ ಪಿಸಿಯ ಸಾಲಿನಲ್ಲಿ ಟ್ರೂ ಬಂದರೆ ಆಯಿತು, ಮುಂದಿನ ಪಿಸಿಗೆ ಹೋಗಿ. ಬರದಿದ್ದರೆ ಒಂದು ಸೆಟ್ಟಿಂಗ್ ತಿರುಗಿಸಿದರೆ ಮೊದಲಿನಂತೆ.

ಆವೃತ್ತಿ ಯಾವುದು ಅಂದರೆ, 14ಕ್ಕೆ ಹೋಗಬೇಡಿ. ಅದರ ಸಮುದಾಯದ ಬೆಂಬಲ 2026ರ ನವೆಂಬರ್‌ಗೇ ಮುಗಿಯುತ್ತದೆ, ಅಂದರೆ ಸರಿಯಾಗಿ ನಿಮ್ಮ ಮುಂದಿನ ಹಂಗಾಮಿಗೆ. 17ಕ್ಕೆ ಹೋದರೆ 2029ರ ನವೆಂಬರ್‌ವರೆಗೆ ನಿಶ್ಚಿಂತೆ. 14ರಿಂದೀಚೆಗೆ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಉಬ್ಬುವುದು ಕಡಿಮೆಯಾಗಿದೆ. 17ರಲ್ಲಿ ವ್ಯಾಕ್ಯೂಮ್ (ಹಳೆಯ ಸಾಲುಗಳನ್ನು ಗುಡಿಸುವ ಕೆಲಸ) ಬಹಳ ಕಡಿಮೆ ಮೆಮೊರಿ ತಿನ್ನುತ್ತದೆ. ಒಂದು ಚೀಟಿಯ ಸಾಲನ್ನು ಒಳಗೆ, ಹೊರಗೆ, ಬಿಲ್ ಅಂತ ಹಲವು ಸಲ ಅಪ್‌ಡೇಟ್ ಮಾಡುವ ನಿಮ್ಮಂಥ ಟೇಬಲ್‌ಗೆ ಇವೆರಡೂ ನಿಜವಾಗಿ ಉಪಯೋಗ.

ರಾತ್ರಿ ತಡವಾಗುವುದಕ್ಕೂ ಆವೃತ್ತಿಗೂ ಸಂಬಂಧ ಇಲ್ಲ ಅಂತ ನನ್ನ ಅನುಮಾನ. ಜಿಪಿ2ನಲ್ಲಿ ಒಂದು ಜಿಬಿಗೆ 3 ಐಒಪಿಎಸ್ (ಸೆಕೆಂಡಿಗೆ ಡಿಸ್ಕ್ ಓದು-ಬರಹ). 200 ಜಿಬಿಗೆ 600 ಮಾತ್ರ. ಬರ್ಸ್ಟ್ ಕ್ರೆಡಿಟ್ (ಬಳಸದೆ ಉಳಿದ ವೇಗದ ಕೂಡಿಕೆ) ಇರುವ ತನಕ 3000ವರೆಗೆ ಓಡುತ್ತದೆ, ಅದು ತೀರಿದ ಮೇಲೆ 600ಕ್ಕೆ ಬೀಳುತ್ತದೆ. ಅಮೆಜಾನ್‌ನ ನಿಗಾ ಸೇವೆ ಕ್ಲೌಡ್‌ವಾಚ್‌ನಲ್ಲಿ ಬರ್ಸ್ಟ್ ಬ್ಯಾಲೆನ್ಸ್ ಗ್ರಾಫ್ ತೆಗೆದು ನೋಡಿ ಹೇಳಿ.

ಮುಧೋಳ_ಕಾಟಾ:

ತುಂಬಾ ಉಪಕಾರ ಆಯಿತು. ಲೈಫ್‌ಸೈಕಲ್ ಸಾಲು ನೋಡಿದೆ, ಎಕ್ಸ್‌ಟೆಂಡೆಡ್ ಸಪೋರ್ಟ್ ಅಂತಲೇ ಇದೆ. ಒಂದು ಭಾರ ಇಳಿಯಿತು.

ಬರ್ಸ್ಟ್ ಬ್ಯಾಲೆನ್ಸ್ ನೀವು ಹೇಳಿದ ಹಾಗೆಯೇ ಇದೆ. ಸಂಜೆಯಿಂದ ಇಳಿಯುತ್ತಾ ಬಂದು ರಿಪೋರ್ಟ್ ಓಡುವ ಹೊತ್ತಿಗೆ ಸೊನ್ನೆ. ಬೆಳಗಿನ ಜಾವ ಮತ್ತೆ ಏರುತ್ತದೆ. ಕಾಟಾದ ಹುಡುಗರು ನೆಟ್ ಸ್ಲೋ ಅಂತ ಹೇಳುತ್ತಿದ್ದರು, ಪಾಪ, ನೆಟ್‌ದು ಏನೂ ಇಲ್ಲ. ಇದನ್ನು ಹಂಗಾಮಿನ ನಡುವೆ ಸರಿಮಾಡಬಹುದಾ, ಅಥವಾ ಇದಕ್ಕೂ ಏಪ್ರಿಲ್‌ವರೆಗೆ ಕಾಯಬೇಕಾ?

ಟಿಳಕವಾಡಿಯವರು ಹೇಳಿದ ಬ್ಲೂ ಗ್ರೀನ್ ಏಪ್ರಿಲ್‌ನಲ್ಲಿ ಮಾಡುತ್ತೇನೆ ಅಂದುಕೊಂಡರೆ ಅದಕ್ಕೆ ಏನೇನು ತಯಾರಿ ಬೇಕು? ಗಾಡಿಯ ಫೋಟೋಗಳನ್ನೂ ಇದೇ ಡೇಟಾಬೇಸ್‌ನಲ್ಲಿ ಇಡುತ್ತೇವೆ.

ಗುಮ್ಮಟನಗರಿ_ಡಿಬಿಎ:

ಸ್ಟೋರೇಜ್ ಈಗಲೇ ಮಾಡಿ. ಜಿಪಿ3ಗೆ ಬದಲಾಯಿಸಲು ಡೇಟಾಬೇಸ್ ನಿಲ್ಲಿಸಬೇಕಿಲ್ಲ. ಆರ್‌ಡಿಎಸ್‌ಗೆ ಜಿಪಿ3 ಬಂದದ್ದು 2022ರ ನವೆಂಬರ್‌ನಲ್ಲಿ. 200 ಜಿಬಿ ಇದ್ದರೂ 3000 ಐಒಪಿಎಸ್ ಸದಾ ಸಿಗುತ್ತದೆ, ಕ್ರೆಡಿಟ್ ಅನ್ನುವ ಮಾತೇ ಇಲ್ಲ. ಬದಲಾಗುವಾಗ ಸ್ವಲ್ಪ ನಿಧಾನ ಅನಿಸಬಹುದು, ಹಾಗಾಗಿ ಬೆಳಿಗ್ಗೆ ಶುರು ಮಾಡಿ. ಸ್ಟೇಟಸ್ ಸ್ಟೋರೇಜ್ ಆಪ್ಟಿಮೈಸೇಶನ್ ಅಂತ ತೋರಿಸುತ್ತಿದ್ದರೆ ಗಾಬರಿಯಾಗಬೇಡಿ, ಆಗಲೂ ಚೀಟಿಗಳು ಬರುತ್ತಲೇ ಇರುತ್ತವೆ. ಒಮ್ಮೆ ಬದಲಾಯಿಸಿದ ಮೇಲೆ ಕನಿಷ್ಠ 6 ಗಂಟೆ ಸ್ಟೋರೇಜ್‌ನಲ್ಲಿ ಮತ್ತೇನೂ ಬದಲಿಸಲು ಬಿಡುವುದಿಲ್ಲ, ಅಷ್ಟೇ.

ಇನ್ನು ಬ್ಲೂ ಗ್ರೀನ್. ಮೇಜರ್ ಆವೃತ್ತಿ ದಾಟಲು ಅದು ಲಾಜಿಕಲ್ ರೆಪ್ಲಿಕೇಷನ್ (ಸಾಲುಗಳ ಬದಲಾವಣೆಯನ್ನು ಒಂದೊಂದಾಗಿ ಸಾಗಿಸುವ ರೀತಿ) ಬಳಸುತ್ತದೆ. ಅದನ್ನು ಆನ್ ಮಾಡಿದ ಮೇಲೆ ಒಂದು ರೀಬೂಟ್ ಬೇಕು. ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀ ಅದಕ್ಕೆ ಬೇಕು, ಅದು ಇಲ್ಲದ ಟೇಬಲ್‌ಗಳನ್ನು ಈಗಲೇ ಹುಡುಕಿ. ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಲಾಗ್ ಟೇಬಲ್‌ಗಳು ಹಾಗೆ ಇರುವುದು ಜಾಸ್ತಿ. ಗ್ರೀನ್ ತಯಾರಾದ ಮೇಲೆ ಬ್ಲೂನಲ್ಲಿ ಹೊಸ ಕಾಲಮ್ ಸೇರಿಸುವುದು, ಟೇಬಲ್ ಬದಲಿಸುವುದು ಬೇಡವೇ ಬೇಡ. ಅದು ಆ ಕಡೆಗೆ ಹೋಗುವುದಿಲ್ಲ.

ಫೋಟೋ ವಿಷಯದಲ್ಲಿ ಎಚ್ಚರ. ಟೇಬಲ್‌ನ ಒಳಗೇ ಬೈಟೀ ಕಾಲಮ್‌ನಲ್ಲಿ ಇದ್ದರೆ ಪರವಾಗಿಲ್ಲ. ಪೋಸ್ಟ್‌ಗ್ರೆಸ್‌ನ ಲಾರ್ಜ್ ಆಬ್ಜೆಕ್ಟ್ ಆಗಿ (ಟೇಬಲ್‌ನ ಹೊರಗೆ, ಬೇರೆಯಾಗಿ) ಇಟ್ಟಿದ್ದರೆ ಲಾಜಿಕಲ್ ರೆಪ್ಲಿಕೇಷನ್ ಅವನ್ನು ಸಾಗಿಸುವುದಿಲ್ಲ. ಹಾಗಿದ್ದರೆ ಕಾರ್ಖಾನೆ ನಿಂತಿರುವಾಗ ನೇರ ಅಪ್‌ಗ್ರೇಡ್ ಮಾಡುವುದೇ ಸುಲಭ. ಆಗ ಒಂದೆರಡು ತಾಸು ನಿಂತರೆ ಯಾರಿಗೂ ತೊಂದರೆ ಇಲ್ಲ, ಅಲ್ವಾ?

ಯಾವ ದಾರಿ ಹಿಡಿದರೂ ಮೊದಲು ಒಂದು ಸ್ನ್ಯಾಪ್‌ಶಾಟ್ ರಿಸ್ಟೋರ್ ಮಾಡಿ ಅದರ ಮೇಲೆ ಪೂರ್ತಿ ತಾಲೀಮು ನಡೆಸಿ. ಪೋಸ್ಟ್‌ಜಿಐಎಸ್ ಅನ್ನು ಅಪ್‌ಗ್ರೇಡ್‌ಗೆ ಮುಂಚೆ, 13 ಮತ್ತು 17 ಎರಡರಲ್ಲೂ ಇರುವ ಆವೃತ್ತಿಗೆ ತನ್ನಿ. ನೇರ ಅಪ್‌ಗ್ರೇಡ್ ಆದ ಕೂಡಲೇ ಇಡೀ ಡೇಟಾಬೇಸ್‌ಗೆ ಅನಲೈಜ್ (ಟೇಬಲ್‌ಗಳ ಅಂಕಿಅಂಶ ಸಂಗ್ರಹಿಸುವ ಆದೇಶ) ಓಡಿಸಿ. 17ರವರೆಗೆ ಪಿಜಿ ಅಪ್‌ಗ್ರೇಡ್ ಅನ್ನುವ ಉಪಕರಣ ಆ ಅಂಕಿಅಂಶಗಳನ್ನು ಹೊತ್ತು ತರುವುದಿಲ್ಲ, 18ರಲ್ಲಿ ಮಾತ್ರ ಆ ಅನುಕೂಲ ಬಂದಿದೆ. ಅನಲೈಜ್ ಓಡದೆ ಕ್ವೆರಿಗಳು ದಾರಿ ತಪ್ಪುತ್ತವೆ. ಜನ ಮಾತ್ರ ಹೊಸ ಆವೃತ್ತಿಯೇ ನಿಧಾನ ಅಂತ ದೂರುತ್ತಾರೆ.

ನವನಗರ_ಬಾಗಲಕೋಟೆ:

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕಾರ್ಖಾನೆ ಬಂದ್ ಇರುತ್ತದಲ್ಲ, ಆಗ ಡೇಟಾಬೇಸ್ ಸ್ಟಾಪ್ ಮಾಡಿ ದುಡ್ಡು ಉಳಿಸಬಹುದಲ್ಲವೇ? ಅಥವಾ ಬಳಕೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಅಮೆಜಾನ್‌ನ ಅರೋರಾ ಸರ್ವರ್‌ಲೆಸ್‌ಗೆ ಹೋಗಬಹುದು. 2024ರ ನವೆಂಬರ್‌ನಿಂದ ಅದು ಸೊನ್ನೆಗೆ ಇಳಿಯುತ್ತದೆ.

ಗುಮ್ಮಟನಗರಿ_ಡಿಬಿಎ:

ಸ್ಟಾಪ್ ಮಾಡಿದ ಆರ್‌ಡಿಎಸ್ 7 ದಿನ ಆದಮೇಲೆ ತಾನಾಗಿಯೇ ಶುರುವಾಗುತ್ತದೆ. ನಿಂತಿರುವಾಗಲೂ ಸ್ಟೋರೇಜ್ ಬಿಲ್ ಇದ್ದೇ ಇರುತ್ತದೆ. ಅದಕ್ಕಿಂತ ಆ ತಿಂಗಳುಗಳಲ್ಲಿ ಮಲ್ಟಿ ಎಝಡ್ ತೆಗೆದು ಸಣ್ಣ ಇನ್‌ಸ್ಟನ್ಸ್‌ಗೆ ಇಳಿಸುವುದು ಒಳ್ಳೆಯದು. ಅರೋರಾ ನಿದ್ದೆಯಿಂದ ಏಳಲು ಸುಮಾರು 15 ಸೆಕೆಂಡ್ ಬೇಕು. ಒಂದು ಕನೆಕ್ಷನ್ ತೆರೆದಿದ್ದರೂ ಅದು ಮಲಗುವುದೇ ಇಲ್ಲ. ನೇರವಾಗಿ ಡೇಟಾಬೇಸ್ ಹಿಡಿದು ಕೂತಿರುವ ಈ ಪಿಸಿಗಳಿರುವಾಗ ಏನೂ ಉಳಿಯುವುದಿಲ್ಲ. ಈ ವರ್ಷ ಬೇಡ.

ಮುಧೋಳ_ಕಾಟಾ:

ಜಿಪಿ3 ಆಯಿತು. ರಿಪೋರ್ಟ್ ಓಡುವಾಗಲೂ ಚೀಟಿ ತಡವಿಲ್ಲದೆ ಬರುತ್ತಿದೆ. ಫೋಟೋಗಳು ಲಾರ್ಜ್ ಆಬ್ಜೆಕ್ಟ್ ಆಗಿಯೇ ಇವೆ. ಹಾಗಾಗಿ ಕಾರ್ಖಾನೆ ನಿಂತ ಮೇಲೆ ನೇರ ಅಪ್‌ಗ್ರೇಡ್, 17ಕ್ಕೆ. ಆಡಳಿತದವರು ಮಾರ್ಚ್‌ನ ಹೆಚ್ಚುವರಿ ಬಿಲ್‌ಗೆ ಒಪ್ಪಿದ್ದಾರೆ.

ಒಂದು ಕಾಟಾ ಪಿಸಿ ಮಾತ್ರ ಎಸ್‌ಎಸ್‌ಎಲ್ ರಿಕ್ವೈರ್ ಮಾಡಿದರೆ ಕನೆಕ್ಟ್ ಆಗುತ್ತಿಲ್ಲ. ಉಳಿದವೆಲ್ಲ ಟ್ರೂ ತೋರಿಸುತ್ತಿವೆ. ವಿಂಡೋಸ್ ಹಳೆಯದಾಗಿದೆ, ಪಿಸಿಯನ್ನೇ ಬದಲಿಸಬೇಕಾ?

ಗುಮ್ಮಟನಗರಿ_ಡಿಬಿಎ:

ಮೊದಲು ಡ್ರೈವರ್ ಬದಲಿಸಿ ನೋಡಿ. ಪೋಸ್ಟ್‌ಗ್ರೆಸ್ ಒಡಿಬಿಸಿ ಡ್ರೈವರ್ ತನ್ನದೇ ಓಪನ್‌ಎಸ್‌ಎಸ್‌ಎಲ್ (ಎಸ್‌ಎಸ್‌ಎಲ್ ಲೈಬ್ರರಿ) ಹೊತ್ತುಕೊಂಡು ಬರುತ್ತದೆ. ಅದು ತೀರಾ ಹಳೆಯದಾದರೆ ಟಿಎಲ್‌ಎಸ್ 1.2 (ಎಸ್‌ಎಸ್‌ಎಲ್‌ನ ಹೊಸ ರೂಪ) ಗೊತ್ತಿರುವುದಿಲ್ಲ, ಸರ್ವರ್ ಅದಕ್ಕಿಂತ ಕೆಳಗಿನದನ್ನು ಒಪ್ಪುವುದಿಲ್ಲ. ಆ ವಿಂಡೋಸ್‌ನಲ್ಲಿ ಕೂರುವ ಹೊಸ ಡ್ರೈವರ್ ಹಾಕಿ. ಒಳಗಿನ ಲಿಬ್‌ಪಿಕ್ಯೂ (ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಲೈಬ್ರರಿ) 10 ಅಥವಾ ಅದಕ್ಕಿಂತ ಮೇಲಿನದು ಇರಲಿ. 14ರಿಂದೀಚೆಗೆ ಹೊಸದಾಗಿ ಇಡುವ ಪಾಸ್‌ವರ್ಡ್‌ಗಳು ಸ್ಕ್ರ್ಯಾಮ್ ಅನ್ನುವ ಹೊಸ ರೀತಿಯಲ್ಲಿ ಇರುತ್ತವೆ, ಹಳೆಯ ಲಿಬ್‌ಪಿಕ್ಯೂಗೆ ಅದು ಅರ್ಥವಾಗುವುದಿಲ್ಲ. ಹಳೆಯ ಎಂಡಿ5 ಪಾಸ್‌ವರ್ಡ್‌ಗಳು ಅಪ್‌ಗ್ರೇಡ್ ನಂತರವೂ ನಡೆಯುತ್ತವೆ. ಆದ್ದರಿಂದ ಆ ಪಿಸಿಯ ಡ್ರೈವರ್ ಸರಿಹೋಗುವ ತನಕ ಕಾಟಾ ಯೂಸರ್‌ನ ಪಾಸ್‌ವರ್ಡ್ ಮುಟ್ಟಬೇಡಿ.