ಟೋಕಿಯೋ ಜನಜಂಗುಳಿಯಲ್ಲಿ ಮೂರು ವರ್ಷ ಇರಬಹುದಾ?

ಸಾಗರದವಳು:
ಆಫೀಸಿನಲ್ಲಿ ಮೂರು ವರ್ಷಕ್ಕೆ ಟೋಕಿಯೋಗೆ ಹೋಗುತ್ತೀರಾ ಎಂದು ಕೇಳಿದ್ದಾರೆ. ನಾನೋ, ಮಾರಿಕಾಂಬಾ ಜಾತ್ರೆ ಬಂದರೆ ಪೇಟೆ ಕಡೆ ತಲೆ ಹಾಕದವಳು. ಶಿಂಜುಕು ಸ್ಟೇಷನ್ನಿನ ವಿಡಿಯೋ ನೋಡಿ ಎದೆ ಧಸಕ್ಕೆಂದಿತು. ಮೊಟ್ಟೆ ಕೂಡ ತಿನ್ನುವುದಿಲ್ಲ. ಅಲ್ಲಿ ಇದ್ದವರು ಹೇಳಿ. ಸುಮ್ನೆ ಧೈರ್ಯ ತುಂಬಬೇಡಿ.

ತೋಜಾಯಿ ಲೈನಿನವನು:
2018ರಿಂದ ಟೋಕಿಯೋದ ನಿಶಿ ಕಸಾಯಿಯಲ್ಲಿದ್ದೇನೆ. (ಏರಿಯಾ ಹೆಸರು ಕೇಳಿ ನಮ್ಮಮ್ಮ, "ಹೋಗಿ ಹೋಗಿ ಕಸಾಯಿಯವರ ಬೀದೀಲಿ ಮನೆ ಮಾಡಿದ್ಯಾ?" ಎಂದಿದ್ದರು.) 2000ದ ಆಸುಪಾಸಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಭಾರತದವರು ಇಲ್ಲೇ ಜಾಸ್ತಿ ನೆಲೆಸಿದರು. ತೊಗರಿಬೇಳೆ, ಇಂಗು ಎಲ್ಲ ಸಿಗುತ್ತದೆ.

ಇನ್ನು ಜನರ ವಿಷಯ. ನಮ್ಮ ತೋಜಾಯಿ ಮೆಟ್ರೋ ಲೈನಿನಲ್ಲಿ ಕಿಬಾ ಸ್ಟೇಷನ್ನಿನಿಂದ ಮೊಂಜೆನ್ ನಾಕಾಚೋ ತನಕ 2019ರಲ್ಲಿ ಬೆಳಗಿನ ರಶ್ಶು ಶೇ. 199. ಈ ಲೆಕ್ಕಕ್ಕೆ ಆಗ ಜಪಾನಿನವರದ್ದೇ ಅಳತೆ ಇತ್ತು ನೋಡಿ. ಟ್ರೈನಿನ ನಿಗದಿತ ಸಾಮರ್ಥ್ಯದಷ್ಟು ಜನ ಇದ್ದರೆ 100. 180 ಇದ್ದರೆ ಪೇಪರನ್ನು ಮಡಚಿಕೊಂಡು ಹೇಗೋ ಓದಬಹುದು. 200 ಆದರೆ ವಾರಪತ್ರಿಕೆ ಹಿಡಿಯುವಷ್ಟು ಜಾಗ. 250 ಆದರೆ ಕೈಯೇ ಅಲ್ಲಾಡುವುದಿಲ್ಲ. ಮೊದಲ ವಾರ ನನ್ನ ಡಬ್ಬಿಯ ಮೊಸರನ್ನ ಬ್ಯಾಗಿನಿಂದ ಸೋರಿ ಪಕ್ಕದವರ ಕೋಟಿಗೆ ಹತ್ತಿತು. ನಾನು ಬಾಯಿ ಬಿಡುವ ಮೊದಲೇ ಅವರೇ "ಸುಮಿಮಾಸೆನ್" (ಕ್ಷಮಿಸಿ) ಎಂದುಬಿಟ್ಟರು! ಅವತ್ತಿನಿಂದ ಚಪಾತಿ ಕಟ್ಟಿಕೊಂಡು ಹೋಗುತ್ತೇನೆ. ಕೊರೊನಾ ಆದಮೇಲೆ ಅಷ್ಟು ಒತ್ತಾಟ ಇಲ್ಲ, ಆದರೂ ಚಪಾತಿಯೇ.

ಆದರೆ ಇಷ್ಟು ಜನ ಇದ್ದರೂ ಸದ್ದಿಲ್ಲ. ಟ್ರೈನಿನಲ್ಲಿ ಫೋನ್ ಹಿಡಿದು ಯಾರೂ ಹರಟುವುದಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಬರುತ್ತಿದ್ದ ತಲೆನೋವು ಇಲ್ಲಿ ಬಂದಿಲ್ಲ. ನೀವು ಹೆದರಬೇಕಾದ್ದು ಮೀನಿಗೆ. ದಾಶಿ ಅಂತ ಒಂದಿದೆ, ಒಣಮೀನು ಹಾಕಿ ಕಾಯಿಸಿದ ತಿಳಿನೀರು. ಮಿಸೊ ಸೂಪು, ಸೋಬಾ ನೂಡಲ್ಸ್, ಬೇಯಿಸಿದ ಕುಂಬಳಕಾಯಿ, ಎಲ್ಲದರಲ್ಲೂ ಅದೇ. ಬರೀ ತರಕಾರಿ ಕೊಡಿ ಎಂದರೆ ತರಕಾರಿಯನ್ನೇ ಕೊಡುತ್ತಾರೆ, ಮೀನಿನ ನೀರಲ್ಲಿ ಬೇಯಿಸಿ. ಅಡುಗೆ ಬರುತ್ತದೆ ಅಲ್ವಾ?

ಹತ್ತು ದಿನದ ಟೂರಿಸ್ಟ್:
ನನ್ನನ್ನು ಹಣ್ಣುಗಾಯಿ ಮಾಡಿದ್ದು ಟೋಕಿಯೋ ಅಲ್ಲ, ಕ್ಯೋಟೋದ ಸಿಟಿ ಬಸ್. ಸೂಟ್‌ಕೇಸ್ ಹಿಡಿದು ಹತ್ತಲಾಗದೆ ಎರಡು ಬಸ್ ಬಿಟ್ಟೆ. ಎಸ್ಕಲೇಟರಿನಲ್ಲಿ ಟೋಕಿಯೋದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಒಸಾಕಾದಲ್ಲಿ ಎಡಕ್ಕೆ ನಿಂತು ಹಿಂದಿನವರಿಂದ ನಿಟ್ಟುಸಿರು ಕೇಳಿಸಿಕೊಂಡೆ.

ವಾಪಸ್ ಬಂದವಳು:
ಎರಡು ವರ್ಷ ಇದ್ದೆ. ರಶ್ಶು ಒಂದು ತಿಂಗಳಿಗೆ ರೂಢಿಯಾಯಿತು. ರೂಢಿಯಾಗದ್ದು ಮನೆ. ಆರು ಚಾಪೆ ಅಳತೆಯ ಕೋಣೆ, ಅಂದರೆ ಸುಮಾರು ಹತ್ತು ಚದರ ಮೀಟರ್. ಅದಕ್ಕೆ ಡಿಪಾಸಿಟ್ಟಿನ ಜೊತೆ ರೇಕಿನ್ ಬೇರೆ, ಮನೆ ಕೊಟ್ಟಿದ್ದಕ್ಕೆ ಓನರಿಗೆ ಕೊಡುವ ಕಾಣಿಕೆ. ಬೆಂಗಳೂರಿನ ಅಡ್ವಾನ್ಸ್ ಪೇಂಟಿಂಗ್ ಖರ್ಚು ಹಿಡಿದಾದರೂ ವಾಪಸ್ ಬರುತ್ತದೆ, ಇದು ಬರುವುದೇ ಇಲ್ಲ. ರೇಕಿನ್ ಇಲ್ಲದ ಮನೆಗಳೂ ಇವೆ, ಹುಡುಕಿ. ಇನ್ನೊಂದು ಮಾತು. ಪಕ್ಕದ ಮನೆಯವರ ಮುಖ ನಾನು ಸರಿಯಾಗಿ ನೋಡಿದ್ದು ಕಸದ ದಿನ ಮಾತ್ರ. ಭಾನುವಾರ ಸಂಜೆ, ಟೋಕಿಯೋದಲ್ಲಿ ವೃತ್ತಾಕಾರವಾಗಿ ಸುತ್ತುವ ಯಾಮಾನೊತೆ ಲೈನಿನ ಟ್ರೈನ್ ಹತ್ತಿ, ಎಲ್ಲೂ ಇಳಿಯದೆ ಸುತ್ತು ಹೊಡೆದು ಬರುತ್ತಿದ್ದೆ. ಒಂದು ಸುತ್ತಿಗೆ ಒಂದು ಗಂಟೆ. ಜನರ ಮಧ್ಯೆ ಇದ್ದ ಹಾಗೆ ಆಗುತ್ತಿತ್ತು.

ಸಾಗರದವಳು:
ನಿಮ್ಮ ಯಾಮಾನೊತೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆದರೂ ಹ್ಞೂಂ ಅನ್ನೋಣ ಅನಿಸುತ್ತಿದೆ. ತೋಜಾಯಿಯವರೇ, ಅಡುಗೆ ಬರುತ್ತದೆ. ಊರಿಂದ ಏನು ತರಲಿ?

ತೋಜಾಯಿ ಲೈನಿನವನು:
ಸಾಗರದವರನ್ನು ಬೇರೆ ಏನು ಕೇಳಲಿ? ಅಪ್ಪೆಮಿಡಿ ಉಪ್ಪಿನಕಾಯಿ. ಡಬ್ಬಿ ಮುಚ್ಚಳ ಗಟ್ಟಿ ಇರಲಿ.