ಸಪಾಟು ದಾರಿಯೇ ಕಾಲು ತಿನ್ನೋದು: ಪೋರ್ಟೊದಿಂದ ಸಾಂತಿಯಾಗೊಗೆ ಕಡಲ ಪಾದಯಾತ್ರೆ, ಪ್ರಶ್ನೋತ್ತರ

ಗುಂಪಿನಲ್ಲಿ ಕೆಲವರು ಸೆಪ್ಟೆಂಬರ್‌ನಲ್ಲಿ ಪೋರ್ಚುಗಲ್‌ನ ಪೋರ್ಟೊದಿಂದ ಸ್ಪೇನ್‌ನ ಸಾಂತಿಯಾಗೊ ದೆ ಕಾಂಪೊಸ್ತೆಲಾಕ್ಕೆ, ಅಟ್ಲಾಂಟಿಕ್ ಕಡಲ ಬದಿಯ ಕಮಿನೊ (ಸಾಂತಿಯಾಗೊಗೆ ಹೋಗುವ ಹಳೆಯ ಕ್ರೈಸ್ತ ಯಾತ್ರೆ) ದಾರಿಯಲ್ಲಿ ನಡೆಯಲು ಹೊರಟಿದ್ದಾರೆ. ಒಟ್ಟು ಸುಮಾರು 270 ಕಿ.ಮೀ. ದಾರಿ. ಇಂಥ ದೂರದ ನಡಿಗೆಗೆ ಜನರನ್ನು ತಯಾರು ಮಾಡುವ ನಮ್ಮ ಫಿಸಿಯೋಥೆರಪಿಸ್ಟ್ ಮೇಡಂ ಈ ವಾರ ಉತ್ತರಿಸುತ್ತಾರೆ. ಪ್ರಶ್ನೆ ಕೇಳುವವರು ವಯಸ್ಸು, ಕಾಯಿಲೆ, ಮಾತ್ರೆಗಳ ವಿವರ ಹಾಕಿ. ಹೆಸರು ಬೇಡ.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, 47): ಮೇಡಂ, ಫ್ರಾನ್ಸ್ ಕಡೆಯಿಂದ ಬರುವ ದಾರಿಯಲ್ಲಿ ಪಿರನೀಸ್ ಬೆಟ್ಟ ಹತ್ತಬೇಕು, ಕಡಲ ದಾರಿ ಸಪಾಟು ಅಂತ ಇದನ್ನೇ ಆರಿಸಿಕೊಂಡ್ವಿ. ದಿನಾ ಬೆಳಿಗ್ಗೆ 5 ಕಿ.ಮೀ. ವಾಕಿಂಗ್ ಇದೆ, ಹೊರಡೋಕೆ ಇನ್ನೂ 3 ತಿಂಗಳಿದೆ. ಇಷ್ಟು ಸಾಕಲ್ವಾ?

ಉತ್ತರ: ಹೃದಯ, ಶ್ವಾಸಕೋಶಕ್ಕೆ ಸಾಕು ಸರ್. ಕಾಲಿಗೆ ಸಾಲದು. ಈ ದಾರಿಯ ಬಗ್ಗೆ ನನಗಿರೋ ತಕರಾರೇ ಅದು, ‘ಸಪಾಟು’ ಅನ್ನೋ ಮಾತು ಕೇಳಿ ಜನ ತಯಾರಿ ಬಿಟ್ಟುಬಿಡ್ತಾರೆ.

ಬೆಟ್ಟದ ದಾರಿಯಲ್ಲಿ ಏರುವಾಗ ಒಂದು ಸ್ನಾಯು ದುಡಿಯುತ್ತೆ, ಇಳಿಯುವಾಗ ಇನ್ನೊಂದು. ಕಲ್ಲು, ಬೇರು, ತಿರುವು ಅಂತ ಹೆಜ್ಜೆ ಬದಲಾಗ್ತಾ ಇರುತ್ತೆ. ಪೋರ್ಟೊದಿಂದ ಉತ್ತರಕ್ಕೆ ಹೊರಟರೆ ಮೊದಲ ಕೆಲವು ದಿನ ಕಾಲಡಿಗೆ ಸಿಗೋದು ಮೂರೇ. ಮರಳದಿಬ್ಬಗಳ ಮೇಲೆ ಹಾಕಿರೋ ಮರದ ಹಲಗೆ ಹಾದಿ, ಚೌಕ ಗ್ರಾನೈಟ್ ಕಲ್ಲು ಜೋಡಿಸಿದ ಹಳ್ಳಿ ರಸ್ತೆ, ಡಾಂಬರು. ಒಂದೇ ಉದ್ದದ ಹೆಜ್ಜೆ, ಒಂದೇ ಕೋನ, ದಿನಕ್ಕೆ 30 ಸಾವಿರ ಸಲ. ಅಂಗಾಲಿನ ಅದೇ ಜಾಗ, ಮೊಣಕಾಲಿನ ಕೆಳಗಿನ ಮೂಳೆಯ ಅದೇ ಅಂಚು, ಹಿಮ್ಮಡಿಯ ಅದೇ ಸ್ನಾಯುಹುರಿ (ಟೆಂಡನ್) ಪೆಟ್ಟು ತಿನ್ನುತ್ತೆ. ಉಸಿರು ಕಟ್ಟಲ್ಲ, ಹಾಗಾಗಿ ಮೈ ‘ಸಾಕು’ ಅನ್ನಲ್ಲ, ನೀವೂ ನಿಲ್ಲಲ್ಲ.

ಆದ್ದರಿಂದ ತಯಾರಿ ಹೀಗೆ. ವಾರದ ದಿನಗಳ 5 ಕಿ.ಮೀ. ಹಾಗೇ ಇರಲಿ. ಶನಿವಾರದ ನಡಿಗೆಯನ್ನು 8 ಕಿ.ಮೀ.ಯಿಂದ ಶುರು ಮಾಡಿ ವಾರವಾರ ಸ್ವಲ್ಪ ಏರಿಸಿ, ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿ. ಎರಡನೇ ತಿಂಗಳಿಂದ ಭಾನುವಾರವೂ ನಡೀಬೇಕು. ಇದೇ ಮುಖ್ಯ. ಒಂದು ದಿನ 20 ನಡೆಯೋರು ಬೇಕಾದಷ್ಟು ಜನ, ನಿನ್ನೆಯ 20ರ ನೋವಿಟ್ಟುಕೊಂಡು ಇವತ್ತು 15 ನಡೆದಾಗ ಗೊತ್ತಾಗುತ್ತೆ ಶೂ ಎಲ್ಲಿ ಕಚ್ಚುತ್ತೆ, ಬ್ಯಾಗ್ ಎಲ್ಲಿ ಎಳೆಯುತ್ತೆ ಅಂತ. ಕೊನೆಯ ತಿಂಗಳು ಪೂರ್ತಿ ಭಾರದ ಬ್ಯಾಗ್ ಹೊತ್ತೇ ನಡೀರಿ, ಹೊರಡೋ ಹಿಂದಿನ 10 ದಿನ ಹಗುರ ಮಾಡಿ.

ಜೊತೆಗೆ ಒಂದೇ ಒಂದು ವ್ಯಾಯಾಮ. ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ ನಿಂತು, ಹಿಮ್ಮಡಿ ಎತ್ತಿ, ನಿಧಾನವಾಗಿ ಕೆಳಗಿಳಿಸೋದು. ಶುರುವಿನಲ್ಲಿ ಎರಡೂ ಕಾಲು, ಆಮೇಲೆ ಒಂಟಿ ಕಾಲು. ಹೊರಡೋ ಹೊತ್ತಿಗೆ ಒಂಟಿ ಕಾಲಲ್ಲಿ 20 ಸಲ ಆಗಬೇಕು. ಮೀನಖಂಡ ಸೋತರೆ ಹೊರೆಯೆಲ್ಲ ಹಿಮ್ಮಡಿಯ ಸ್ನಾಯುಹುರಿಗೂ ಪಾದದ ಮೂಳೆಗೂ ಬೀಳುತ್ತೆ.

ಅದಕ್ಕೇ ಇನ್ನೊಬ್ಬರು: ಟ್ರೆಡ್‌ಮಿಲ್ ಆಗಲ್ವಾ ಮೇಡಂ? ಮಳೆ ಇದೆ.

ಉತ್ತರ: ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಸಾಂತಿಯಾಗೊ ಇರೋ ಸ್ಪೇನ್‌ನ ಗಲಿಸಿಯಾ ಪ್ರಾಂತ್ಯದಲ್ಲೂ ಮಳೆ ಬರುತ್ತೆ, ಮಳೆಕೋಟು ಹಾಕಿಕೊಂಡು ನಡೆದು ನೋಡೋದೂ ತಯಾರಿಯೇ.

ಪ್ರಶ್ನೆ (ಐಟಿ, 34): ಪೋರ್ಟೊ ಕ್ಯಾಥೆಡ್ರಲ್‌ನಿಂದ ಹೊರಟು ಮೊದಲ ದಿನವೇ ವಿಲಾ ದೊ ಕೊಂದೆ ಮುಟ್ಟೋ ಪ್ಲಾನ್. 30 ದಾಟುತ್ತೆ. ವಯಸ್ಸಿದೆ, ಆಗುತ್ತೆ ಅನ್ಸುತ್ತೆ?

ಉತ್ತರ: ಮೊದಲ ದಿನ ಆಗುತ್ತೆ. ಮೂರನೇ ದಿನ ಆಗಲ್ಲ. ವಯಸ್ಸು ಸ್ನಾಯುವಿಗೆ ಸಹಾಯ ಮಾಡುತ್ತೆ, ಅಂಗಾಲಿನ ಚರ್ಮಕ್ಕೆ ಅಷ್ಟಾಗಿ ಇಲ್ಲ. ನಾನಾದರೆ ಮಾತೊಸಿನ್ಯೋಸ್ ವರೆಗೆ ಮೆಟ್ರೊ ಹಿಡಿದು, ಅಲ್ಲಿಂದ ಕಡಲ ಬದಿಗೆ ನಡೆದು ಲಾಬ್ರೂಜ್‌ನಲ್ಲಿ ಉಳೀರಿ ಅಂತೀನಿ, ಸುಮಾರು 15 ಕಿ.ಮೀ. ಮೊದಲ ಮೂರು ದಿನ 20 ದಾಟಬೇಡಿ. ‘ಮೆಟ್ರೊ ಹತ್ತಿದರೆ ಯಾತ್ರೆ ಕೆಡಲ್ವಾ’ ಅಂತ ಮುಂದಿನ ಪ್ರಶ್ನೆ ಬರುತ್ತೆ, ಈಗಲೇ ಹೇಳಿಬಿಡ್ತೀನಿ. ಯಾತ್ರೆ ಮುಗಿಸಿದವರಿಗೆ ಕೊಡೋ ‘ಕಾಂಪೊಸ್ತೆಲಾ’ ಪ್ರಮಾಣಪತ್ರಕ್ಕೆ ಲೆಕ್ಕ ಇರೋದು ಸಾಂತಿಯಾಗೊಗೆ ಮುಟ್ಟೋ ಕೊನೆಯ 100 ಕಿ.ಮೀ. ಮನಸ್ಸಿನ ಲೆಕ್ಕ ನಿಮ್ಮದು.

ಪ್ರಶ್ನೆ (ಗೃಹಿಣಿ, 52): ಅಕ್ಕಾ, ಶೂ ಯಾವುದು? ಕಣಕಾಲು ಮುಚ್ಚೋ ಬೂಟ್ ತಗೊಳ್ಳಿ ಅಂತ ಒಬ್ಬರು, ರನ್ನಿಂಗ್ ಶೂ ಸಾಕು ಅಂತ ಇನ್ನೊಬ್ಬರು. ಬೊಬ್ಬೆ ಬಂದರೆ ಸೂಜಿ ಚುಚ್ಚಬಹುದಾ?

ಉತ್ತರ: ಈ ದಾರಿಗೆ ಬೂಟ್ ಬೇಡ. ಬಿಸಿ, ಭಾರ, ಮರಳು ಒಳಗೆ ಹೋದರೆ ಬೇಗ ಬಿಚ್ಚೋಕೂ ಆಗಲ್ಲ. ಅಡಿ ದಪ್ಪ ಇರೋ ಟ್ರೇಲ್ ಶೂ (ಕಚ್ಚಾ ದಾರಿಗೆ ಮಾಡಿದ್ದು) ಅಥವಾ ಒಳ್ಳೆ ವಾಕಿಂಗ್ ಶೂ ಸಾಕು. ಸಂಜೆ ಹೊತ್ತು, ಪಾದ ಊದಿಕೊಂಡಿರುವಾಗ, ಅಲ್ಲಿ ಹಾಕೋ ಕಾಲುಚೀಲವನ್ನೇ ತೊಟ್ಟು ಅಳತೆ ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು. ಕನಿಷ್ಠ 100 ಕಿ.ಮೀ. ಅದರಲ್ಲೇ ನಡೆದಿರಬೇಕು.

ಬೊಬ್ಬೆಗೆ ಕಾರಣ ಬರೀ ತಿಕ್ಕಾಟ ಅಲ್ಲ. ಒಳಗಿನ ಮೂಳೆ ಮುಂದೆ ಜಾರುತ್ತೆ, ಒದ್ದೆ ಚರ್ಮ ಕಾಲುಚೀಲಕ್ಕೆ ಅಂಟಿ ಹಿಂದೆ ಉಳಿಯುತ್ತೆ, ನಡುವಿನ ಪದರ ಹರಿಯುತ್ತೆ, ಅಲ್ಲಿ ನೀರು ತುಂಬುತ್ತೆ. ಅದಕ್ಕೇ ಬೆವರು ಹಿಡಿದಿಟ್ಟುಕೊಳ್ಳೋ ಹತ್ತಿ ಕಾಲುಚೀಲ ಬೇಡ, ಉಣ್ಣೆ ಮಿಶ್ರಣದ್ದು ತಗೊಳ್ಳಿ. ಮಧ್ಯಾಹ್ನ ಒಂದು ಸಲ ಬದಲಾಯಿಸಿ. ಕಡಲ ದಾರಿಯಲ್ಲಿ ಇನ್ನೊಂದು ಕಾಟ ಇದೆ. ಅಲೆಯಲ್ಲಿ ಕಾಲು ನೆನೆಸಿ, ಹಾಗೇ ಒರೆಸಿಕೊಂಡು ಶೂ ಹಾಕಿದರೆ ಉಪ್ಪು ಒಣಗಿ ಹರಳಾಗುತ್ತೆ, ಮರಳಿನ ಜೊತೆ ಸೇರಿ ಉಪ್ಪುಕಾಗದದ ಹಾಗೆ ಚರ್ಮ ಉಜ್ಜುತ್ತೆ. ಬಾಟಲಿಯ ಸಿಹಿನೀರಿಂದ ತೊಳೆದು, ಬೆರಳ ಸಂದಿ ಒಣಗಿಸಿಯೇ ಹಾಕಿ.

ಉರಿ ಅನ್ನಿಸಿದ ಕೂಡಲೇ ನಿಲ್ಲಿ. ‘ಮುಂದಿನ ಊರಲ್ಲಿ ನೋಡೋಣ’ ಅನ್ನೋದೇ ಬೊಬ್ಬೆಯ ಹುಟ್ಟು. ಆಗ ಟೇಪ್ ಅಂಟಿಸಿದರೆ ಮುಗೀತು. ಬೊಬ್ಬೆ ಎದ್ದೇಬಿಟ್ಟರೆ, ಚಿಕ್ಕದು, ನೋವಿಲ್ಲದ್ದು ಬಿಟ್ಟುಬಿಡಿ. ದೊಡ್ಡದಾಗಿ, ಕಾಲೂರೋಕೆ ಆಗದಿದ್ದರೆ ಕೈ, ಚರ್ಮ ಶುಚಿ ಮಾಡಿ, ಸ್ಟೆರೈಲ್ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೀರಿ, ಮೇಲಿನ ಚರ್ಮ ಕೀಳಬೇಡಿ, ಡ್ರೆಸಿಂಗ್ ಹಾಕಿ. ಬೊಬ್ಬೆಯೊಳಗೆ ಸೂಜಿಯಿಂದ ದಾರ ಹಾಯಿಸಿ ಅಲ್ಲೇ ಬಿಡೋ ಪದ್ಧತಿ ಯಾತ್ರಿಗಳಲ್ಲಿ ಇದೆ, ಅದು ಸೋಂಕಿಗೆ ಬಾಗಿಲು ತೆರೆದಿಟ್ಟಂತೆ. ಸಕ್ಕರೆ ಕಾಯಿಲೆಯವರು ಚುಚ್ಚಲೇಬಾರದು.

ಪ್ರಶ್ನೆ (ಅದೇ ಗೃಹಿಣಿ): ಹಾಗಾದ್ರೆ ಮರಳ ಮೇಲೆ ಬರಿಗಾಲಲ್ಲಿ ನಡೆದರೆ ಬೊಬ್ಬೆಯ ತಾಪತ್ರಯವೇ ಇಲ್ವಲ್ಲ?

ಉತ್ತರ: ಸಂಜೆ ಅರ್ಧ ಗಂಟೆ ನಡೀರಿ, ಖುಷಿಗೆ. ಅದನ್ನೇ ದಾರಿ ಮಾಡಿಕೊಳ್ಳಬೇಡಿ. ಸಡಿಲ ಮರಳಲ್ಲಿ ಅದೇ ವೇಗಕ್ಕೆ ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ನೀರಂಚಿನ ಗಟ್ಟಿ ಮರಳು ಸಮುದ್ರದ ಕಡೆಗೆ ಇಳಿಜಾರು. ಉತ್ತರಕ್ಕೆ ಹೋಗೋರಿಗೆ ಸಮುದ್ರ ಯಾವಾಗಲೂ ಎಡಕ್ಕೆ, ಅಂದರೆ ಎಡಗಾಲು ಗಂಟೆಗಟ್ಟಲೆ ತಗ್ಗಿನಲ್ಲಿ. ಸೊಂಟ ವಾಲುತ್ತೆ, ಮೊಣಕಾಲಿನ ಹೊರಮಗ್ಗುಲು ಹಿಡಿದುಕೊಳ್ಳುತ್ತೆ.

ದಿಕ್ಕಿನ ಮಾತು ಬಂತಲ್ಲ, ಇನ್ನೊಂದು ವಿಷಯ. ಬೇಸಿಗೆಯಲ್ಲಿ ಆ ಕರಾವಳಿಗೆ ಉತ್ತರದಿಂದ ಜೋರು ಗಾಳಿ ಬೀಸುತ್ತೆ, ಅಲ್ಲಿಯವರು ‘ನೊರ್ತಾದಾ’ ಅಂತಾರೆ. ಮಧ್ಯಾಹ್ನದ ಮೇಲೆ ಹೆಚ್ಚು, ನೇರ ನಿಮ್ಮ ಮುಖಕ್ಕೆ. ತಂಪು ಅನ್ನಿಸುತ್ತೆ, ಬೆವರು ಆಗಿಂದಾಗ್ಗೆ ಆರುತ್ತೆ, ನೀರು ಕುಡಿಯೋದು ಮರೆತುಹೋಗುತ್ತೆ. ಬಿಸಿಲು ಮಾತ್ರ ಬೆನ್ನಿಗೆ, ಸಂಜೆ ಎಡಕ್ಕೆ. ಸುಡೋದು ಕತ್ತಿನ ಹಿಂಭಾಗ, ಮೀನಖಂಡ, ಎಡಕಿವಿ. ಸನ್‌ಸ್ಕ್ರೀನ್ ಮುಖಕ್ಕೆ ಮಾತ್ರ ಹಚ್ಚೋರು ಇದನ್ನು ಓದಿಕೊಳ್ಳಿ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನಕ್ಕೆ ನಿಲ್ಲಿಸಿದರೆ ಗಾಳಿ, ಬಿಸಿಲು ಎರಡೂ ತಪ್ಪುತ್ತೆ.

ಪ್ರಶ್ನೆ (ನಿವೃತ್ತ ಶಿಕ್ಷಕಿ, 61): ಬ್ಯಾಗ್ ಭಾರ ಎಷ್ಟಿರಬೇಕು? ಮೊಣಕಾಲು ಸವೆತ ಇದೆ, ಕೋಲು ಹಿಡಿಯಲಾ?

ಉತ್ತರ: ದೇಹದ ತೂಕದ ಹತ್ತನೇ ಒಂದು ಭಾಗ, ನೀರೂ ಸೇರಿ. ಎರಡು ಜೊತೆ ಬಟ್ಟೆ ಸಾಕು, ಒಂದು ಮೈಮೇಲೆ, ಒಂದು ತಂತಿಮೇಲೆ. ಬ್ಯಾಗನ್ನು ಮುಂದಿನ ತಂಗುದಾಣಕ್ಕೆ ಸಾಗಿಸೋ ಸೇವೆ ಆ ದಾರಿಯಲ್ಲಿದೆ, ಮೊಣಕಾಲು ಸವೆದವರು ಸಂಕೋಚವಿಲ್ಲದೆ ಬಳಸಿ. ಕೋಲು ಎರಡೂ ಹಿಡೀರಿ, ತುದಿಗೆ ರಬ್ಬರ್ ಟೋಪಿ ಹಾಕಿ. ಬರೀ ಲೋಹದ ಮೊನೆ ಹಲಗೆ ಸಂದಿಗೆ ಸಿಕ್ಕಿಕೊಂಡು ಮುಗ್ಗರಿಸ್ತೀರಿ. ಇಬ್ಬನಿ ಬಿದ್ದ ಹಲಗೆ ಜಾರುತ್ತೆ, ಬೆಳಗಿನ ಮೊದಲ ಗಂಟೆ ಹುಷಾರು. ಸ್ಪೇನ್‌ನ ಬಯೋನಾದಿಂದ ಆಚೆ ದಾರಿ ಏರಿಳಿಯುತ್ತೆ, ರೆದೊಂದೆಲಾದಲ್ಲಿ ಒಳನಾಡಿನ ದಾರಿಗೆ ಸೇರುತ್ತೆ, ಅಲ್ಲಿ ಕೋಲಿನ ಬೆಲೆ ಗೊತ್ತಾಗುತ್ತೆ.

ಪ್ರಶ್ನೆ (ಮಗ, ತಂದೆಯ ಪರವಾಗಿ): ಅಪ್ಪನಿಗೆ 66. ಸಕ್ಕರೆ ಕಾಯಿಲೆ 15 ವರ್ಷದಿಂದ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಗೋತಾರೆ. ಬಿಪಿ ಮಾತ್ರೆಯೂ ಇದೆ. ಬಂದೇ ಬರ್ತೀನಿ ಅಂತ ಕೂತಿದ್ದಾರೆ. ಕರ್ಕೊಂಡು ಹೋಗಬಹುದಾ?

ಉತ್ತರ: ಹೋಗಬಹುದು, ಆದರೆ ಎರಡು ಕೆಲಸ ಆದಮೇಲೆ.

ಮೊದಲನೆಯದು ಪಾದದ ಸ್ಪರ್ಶ ಪರೀಕ್ಷೆ. ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡ್ತಾರೆ, ಐದು ನಿಮಿಷದ ಕೆಲಸ. ಸ್ಪರ್ಶ ಕಮ್ಮಿಯಾಗಿದ್ದರೆ ಕಲ್ಲು ಚುಚ್ಚಿದರೂ ಬೊಬ್ಬೆ ಒಡೆದರೂ ಅವರಿಗೆ ತಿಳಿಯಲ್ಲ. ಹಾಗಿದ್ದರೆ ಈ ದೂರಕ್ಕೆ ನಾನು ಒಪ್ಪಲ್ಲ. ಸ್ಪರ್ಶ ಚೆನ್ನಾಗಿದ್ದರೂ ದಿನಾ ಸಂಜೆ ಅವರ ಅಂಗಾಲು, ಬೆರಳ ಸಂದಿ ನೀವೇ ನೋಡಬೇಕು. ಅವರು ‘ಏನೂ ಇಲ್ಲ ಬಿಡೋ’ ಅಂತಾರೆ, ಬಿಡಬೇಡಿ.

ಎರಡನೆಯದು ಅವರ ವೈದ್ಯರ ಜೊತೆ ಮಾತ್ರೆಯ ಲೆಕ್ಕ. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ತೀರಾ ಇಳಿಯೋದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ದಿನಕ್ಕೆ ಐದಾರು ಗಂಟೆ ನಡೆದಾಗ ಸ್ನಾಯುಗಳು ತಾವೇ ಸಕ್ಕರೆ ಎಳೆದುಕೊಳ್ಳುತ್ತವೆ, ಅದರ ಮೇಲೆ ಈ ಮಾತ್ರೆ, ನಡುವೆ ಊಟ ತಡವಾದರೆ ಕೈ ನಡುಗಿ, ಬೆವತು, ಮಾತು ತೊದಲುತ್ತೆ. ಅಲ್ಲಿ ಊಟ ತಡವಾಗುತ್ತೆ ಕೂಡ. ಕಮಿನ್ಯಾದಲ್ಲಿ ದೋಣಿಯಿಂದ ಮಿನ್ಯೋ ನದಿ ದಾಟಿ ಸ್ಪೇನ್‌ನ ಆ ಗ್ವಾರ್ದಾಕ್ಕೆ ಕಾಲಿಟ್ಟ ಕೂಡಲೇ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ. ಅಲ್ಲಿನ ಹೋಟೆಲುಗಳಲ್ಲಿ ರಾತ್ರಿ ಊಟ ಎಂಟೂವರೆ, ಒಂಬತ್ತಕ್ಕೆ ಮೊದಲು ಸಿಗೋದು ಕಷ್ಟ. ಡೋಸ್ ತಗ್ಗಿಸಬೇಕಾ ಅನ್ನೋದನ್ನು ವೈದ್ಯರು ಹೇಳಬೇಕು, ನೀವೂ ಅಲ್ಲ, ನಾನೂ ಅಲ್ಲ. ಅಭ್ಯಾಸದ ನಡಿಗೆಯಲ್ಲೇ ಮುಂಚೆ, ಮಧ್ಯೆ, ಆಮೇಲೆ ಶುಗರ್ ನೋಡಿ ಬರೆದಿಟ್ಟು ವೈದ್ಯರಿಗೆ ತೋರಿಸಿ.

ಗ್ಲುಕೋಸ್ ಅವರ ಜೇಬಿನಲ್ಲೇ ಇರಲಿ, ನಿಮ್ಮ ಬ್ಯಾಗಿನಲ್ಲಲ್ಲ. ಶುಗರ್ 70ಕ್ಕಿಂತ ಇಳಿದರೆ 15 ಗ್ರಾಂ ಸಕ್ಕರೆ, 15 ನಿಮಿಷ ಕೂರಿಸಿ, ಮತ್ತೆ ಪರೀಕ್ಷೆ. ಎರಡೂ ದೇಶದಲ್ಲಿ ತುರ್ತು ಸಂಖ್ಯೆ 112.

ಅದಕ್ಕೇ ಮತ್ತೊಬ್ಬರು: ದಿನಾ ಬೆಳಿಗ್ಗೆ ಒಂದು ಐಬುಪ್ರೊಫೆನ್ ನುಂಗಿ ಹೊರಟರೆ ನೋವೇ ಬರಲ್ಲ ಅಂತ ಹೋಗಿಬಂದವರು ಹೇಳಿದ್ರು.

ಉತ್ತರ: ನೋವು ಬರುತ್ತೆ, ಗೊತ್ತಾಗಲ್ಲ ಅಷ್ಟೇ. ಮೈಯಲ್ಲಿ ನೀರು ಕಮ್ಮಿಯಿದ್ದಾಗ ಆ ಮಾತ್ರೆ ಕಿಡ್ನಿಗೆ ರಕ್ತ ಕಡಿಮೆ ಮಾಡುತ್ತೆ. ಕೆಲವು ಬಿಪಿ ಮಾತ್ರೆ, ಮೂತ್ರ ಹೆಚ್ಚಿಸೋ ಮಾತ್ರೆ ಜೊತೆ ಸೇರಿದರೆ ಅಪಾಯ ಇನ್ನೂ ಜಾಸ್ತಿ. ಮೇಲಿನ ಪ್ರಶ್ನೆಯ ತಂದೆಯವರಿಗೆ ಖಂಡಿತ ಬೇಡ.

ಪ್ರಶ್ನೆ (ಶುದ್ಧ ಸಸ್ಯಾಹಾರಿ, 39): ಮೊಟ್ಟೆಯೂ ತಿನ್ನಲ್ಲ. ಮೀನುಗಾರರ ಊರುಗಳೇ ಎಲ್ಲ. ಶಕ್ತಿಗೆ ಏನು ದಾರಿ?

ಉತ್ತರ: ಬ್ರೆಡ್, ಚೀಸ್, ಹಣ್ಣು, ಬಾದಾಮಿ, ಡಬ್ಬಿಯ ಕಡಲೆ, ಬೀನ್ಸ್ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತೆ, ಅಡುಗೆಮನೆ ಇರೋ ತಂಗುದಾಣ ಹುಡುಕಿ. ಭಾನುವಾರ ಚಿಕ್ಕ ಊರುಗಳಲ್ಲಿ ಅಂಗಡಿ ಮುಚ್ಚಿರುತ್ತೆ, ಶನಿವಾರವೇ ತುಂಬಿಕೊಳ್ಳಿ. ಹೋಟೆಲಿನ ಸೂಪ್ ನಂಬಬೇಡಿ. ಪೋರ್ಚುಗಲ್‌ನ ಹಸಿರು ಸೂಪ್ ‘ಕಾಲ್ದೊ ವೆರ್ದೆ’ಯಲ್ಲಿ ಸಾಸೇಜ್ ತುಂಡು ತೇಲುತ್ತೆ, ಗಲಿಸಿಯಾದ ಸೊಪ್ಪಿನ ಸೂಪಿಗೆ ಹಂದಿ ಕೊಬ್ಬು ಹಾಕ್ತಾರೆ. ಸ್ಪೇನ್‌ನಲ್ಲಿ ‘ಮಾಂಸ ಬೇಡ’ ಅಂದರೆ ಸಲಾಡ್ ಮೇಲೆ ಟ್ಯೂನಾ ಮೀನು ಬರಬಹುದು, ಹ್ಯಾಮ್ ಚೂರೂ ಬರಬಹುದು. ಒಂದೊಂದನ್ನೂ ಹೆಸರಿಟ್ಟು ಬೇಡ ಅನ್ನಿ: ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್, ಸಿನ್ ಉಎವೊ’ (ಮಾಂಸ, ಹ್ಯಾಮ್, ಟ್ಯೂನಾ, ಮೊಟ್ಟೆ ಇಲ್ಲದೆ). ಪದ್ರೋನ್ ಊರಿನ ಹೆಸರಿನ ಹುರಿದ ಹಸಿಮೆಣಸಿನಕಾಯಿ ಮಾತ್ರ ಧೈರ್ಯವಾಗಿ ತಿನ್ನಿ.

ಪ್ರಶ್ನೆ: ವೀಸಾ ಪೋರ್ಚುಗಲ್‌ದಾ, ಸ್ಪೇನ್‌ದಾ? ಮುದ್ರೆ ಎಷ್ಟು ಬೇಕು?

ಉತ್ತರ: ನನ್ನ ಕಸುಬಲ್ಲ, ಆದರೂ ಎಲ್ಲರೂ ಕೇಳ್ತಾರೆ. ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಹೆಚ್ಚು ದಿನ ಉಳಿಯೋ ದೇಶದ್ದು, ವಿಮಾನ ಇಳಿಯೋ ದೇಶದ್ದಲ್ಲ. ದಿನ ಸಮಸಮ ಆದರೆ ಮಾತ್ರ ಮೊದಲು ಕಾಲಿಡೋ ದೇಶ. ಈ ದಾರಿಯಲ್ಲಿ ಮಿನ್ಯೋ ನದಿಯಾಚೆಗಿನ ಭಾಗವೇ ಉದ್ದ, ನಿಮ್ಮ ರಾತ್ರಿಗಳನ್ನು ಎಣಿಸಿ ನೋಡಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊದ್ದು ಕಡ್ಡಾಯ. ಪ್ರಮಾಣಪತ್ರಕ್ಕಾಗಿ ದಾರಿಯಲ್ಲಿ ಮುದ್ರೆ ಹಾಕಿಸಿಕೊಳ್ಳೋ ಯಾತ್ರಿಪುಸ್ತಕದಲ್ಲಿ ಕೊನೆಯ 100 ಕಿ.ಮೀ.ನಲ್ಲಿ ದಿನಕ್ಕೆ ಎರಡು ಮುದ್ರೆ. ಮುಂದಿನ ವರ್ಷಗಳಿಗೆ ಯೋಚಿಸೋರಿಗೆ ಒಂದು ಮಾತು, ಸಂತ ಜೇಮ್ಸ್ (ಸಾಂತಿಯಾಗೊ) ಹಬ್ಬದ ಜುಲೈ 25 ಭಾನುವಾರ ಬಿದ್ದ ವರ್ಷ ಅಲ್ಲಿ ಪವಿತ್ರ ವರ್ಷ. 2027 ಅಂಥದ್ದು, ಜನ ಜಾಸ್ತಿ.

ಪ್ರಶ್ನೆ (ಅಂಗಡಿ ಮಾಲೀಕ, 44): ಮೇಡಂ, ಅಭ್ಯಾಸ ಶುರು ಮಾಡಿ ತಿಂಗಳಾಯ್ತು. ಪಾದದ ಮೇಲ್ಭಾಗದಲ್ಲಿ, ಎರಡನೇ ಬೆರಳಿನ ಹಿಂದೆ ನೋವು. ನಡೆದಷ್ಟೂ ಜಾಸ್ತಿ. ನಮ್ಮದು ಬೇರೆ ತಂಡ, ಹೊರಡೋಕೆ 5 ವಾರ ಇದೆ. ಟಿಕೆಟ್ ಆಗಿದೆ.

ಉತ್ತರ: ಆ ನೋವನ್ನು ಒಂದೇ ಬೆರಳ ತುದಿಯಿಂದ ಒತ್ತಿ ತೋರಿಸೋಕೆ ಆಗುತ್ತಾ? ಅಥವಾ ಅಂಗೈ ಅಗಲ ಹರಡಿದೆಯಾ? ಲೇಸ್ ಸಡಿಲ ಮಾಡಿದರೆ ಕಮ್ಮಿಯಾಗುತ್ತಾ?

ಅವರು: ಒಂದೇ ಬೆರಳು ಸಾಕು. ಲೇಸ್‌ದಲ್ಲ. ರಾತ್ರಿನೂ ಸ್ವಲ್ಪ ಮಿಡಿಯುತ್ತೆ.

ಉತ್ತರ: ಹಾಗಾದರೆ ಇವತ್ತಿಂದ ಅಭ್ಯಾಸ ನಿಲ್ಲಿಸಿ, ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ. ಪಾದದ ಮೂಳೆಯಲ್ಲಿ ಕೂದಲೆಳೆ ಬಿರುಕು ಇರಬಹುದು, ಮೆರವಣಿಗೆ ಮಾಡೋ ಸೈನಿಕರಿಗೆ ಬರೋದು ಇದೇ. ಮೊದಲ ಎರಡು ಮೂರು ವಾರ ಎಕ್ಸ್‌-ರೇಯಲ್ಲಿ ಕಾಣದೇ ಇರಬಹುದು. ‘ಎಕ್ಸ್‌-ರೇ ನಾರ್ಮಲ್’ ಅಂದ ಮಾತ್ರಕ್ಕೆ ಮತ್ತೆ ನಡೆಯೋಕೆ ಹೋಗಬೇಡಿ, ಎಂಆರ್‌ಐ ಬೇಕಾ ಅಂತ ಕೇಳಿ. ಬಿರುಕಿದ್ದರೆ ಕೂಡೋಕೆ 6ರಿಂದ 8 ವಾರ ಬೇಕು, ಆಮೇಲೆ ಮತ್ತೆ ಮೊದಲಿಂದ ಅಭ್ಯಾಸ.

ಅವರು: ಸ್ನೇಹಿತರೆಲ್ಲ ಹೋಗ್ತಿದ್ದಾರೆ ಮೇಡಂ.

ಉತ್ತರ: ಬಿರುಕಿಲ್ಲ, ಬರೀ ಸ್ನಾಯುಹುರಿಯ ಊತ ಅಂತ ಬಂದರೆ ಪೂರ್ತಿ ದಾರಿ ಬಿಡಿ, ಸ್ಪೇನ್‌ನ ವಿಗೊದಲ್ಲಿ ಅವರನ್ನು ಸೇರಿಕೊಳ್ಳಿ. ಅಲ್ಲಿಂದ ಸಾಂತಿಯಾಗೊಗೆ 100 ಕಿ.ಮೀ. ಸುಮಾರು, ಪ್ರಮಾಣಪತ್ರಕ್ಕೆ ಯಾತ್ರಿಗಳು ಅಲ್ಲಿಂದಲೇ ಹೊರಡೋದುಂಟು. ಏಳು ದಿನಕ್ಕೆ ಹಂಚಿ, ಬ್ಯಾಗ್ ಮುಂದೆ ಕಳಿಸಿ. ಬಿರುಕು ಇದೆ ಅಂತ ಬಂದರೆ ಟಿಕೆಟ್ ತಾರೀಖು ಬದಲಾಯಿಸಿ. ರಿಪೋರ್ಟ್ ಬಂದ ದಿನ ಇಲ್ಲೇ ಹಾಕಿ, ನೋಡ್ತೀನಿ.