ಅಪಾರ್ಟ್‌ಮೆಂಟಿಗೆ ಕಸದ ನೋಟಿಸ್: ಇಲ್ಲಿನ ಮಳೆಗೆ ಕಾಂಪೋಸ್ಟ್ ಆಗುತ್ತಾ?

ಪ್ರಶ್ನೆ (ಸಂಘದ ಕಾರ್ಯದರ್ಶಿ, ಮಡಿಕೇರಿ ಕಡೆ):
24 ಮನೆ, ಕೆಳಗೊಂದು ಹೋಟೆಲ್. ಹಸಿಕಸ ಆವರಣದಲ್ಲೇ ಗೊಬ್ಬರ ಮಾಡಿ, ಒಣಕಸ ಬೇರೆ ಕೊಡಿ ಅಂತ ನೋಟಿಸ್ ಬಂದಿದೆ. ನಾವು 'ಬಲ್ಕ್', ಅಂದರೆ ಭಾರಿ ಪ್ರಮಾಣದಲ್ಲಿ ಕಸ ಮಾಡುವವರ ಲೆಕ್ಕಕ್ಕೆ ಬರ್ತೀವಾ? 24 ಗಂಟೆಯಲ್ಲಿ ಗೊಬ್ಬರ ಮಾಡುವ ಮೆಷಿನ್‌ಗೆ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ತಗೊಳ್ಳಬೇಕಾ?

ಉತ್ತರ 1 (ಕುಶಾಲನಗರ):
ಮೊದಲು ತೂಕ ಹಾಕಿ ಸರ್. 2016ರ ಘನತ್ಯಾಜ್ಯ ನಿಯಮದಲ್ಲೂ, ಅದರ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಬಂದ ಹೊಸ ನಿಯಮದಲ್ಲೂ ದಿನಕ್ಕೆ 100 ಕೆಜಿಯೇ ಗಡಿ. ಹೊಸದರಲ್ಲಿ 20,000 ಚದರ ಮೀಟರ್ ಕಟ್ಟಡ ಅಥವಾ ದಿನಕ್ಕೆ 40,000 ಲೀಟರ್ ನೀರಿನ ಬಳಕೆ ಇದ್ದರೂ ಬಲ್ಕ್. ನೀರಿನ ಮೀಟರನ್ನೂ ನೋಡಿಕೊಳ್ಳಿ.

24 ಮನೆಯ ಹಸಿಕಸ 15 ಕೆಜಿ ಆಸುಪಾಸು ಇರುತ್ತೆ. ಹೋಟೆಲಿನದ್ದೇ ಜಾಸ್ತಿ, ಅದೂ ಶನಿವಾರ-ಭಾನುವಾರ ಪ್ರವಾಸಿಗರು ತುಂಬಿದಾಗ. ಹಾಗಾಗಿ ವಾರವಿಡೀ ತೂಗಿ ಸರಾಸರಿ ತೆಗೆದು ರಿಜಿಸ್ಟರ್‌ನಲ್ಲಿ ಬರೆದಿಡಿ. 100ರ ಒಳಗಿದ್ದರೂ ಬೇರ್ಪಡಿಸಲೇಬೇಕು: ಹಸಿ, ಒಣ, ಸ್ಯಾನಿಟರಿ, ಮತ್ತೆ ಬಲ್ಬು-ಔಷಧಿ-ಪೇಂಟ್ ಡಬ್ಬದಂಥ ವಿಶೇಷ ಕಸ, ಹೀಗೆ ನಾಲ್ಕು. ನೋಟಿಸ್‌ನಲ್ಲಿ ಯಾವ ಉಪವಿಧಿ (ಬೈಲಾ) ಹಾಕಿದ್ದಾರೆ ಅಂತ ಲಿಖಿತವಾಗಿ ಕೇಳಿ, ದಂಡ ಅದರ ಮೇಲೇ ನಿಂತಿರುತ್ತೆ.

ಉತ್ತರ 2 (ಕಾಫಿ ತೋಟ, ಸೋಮವಾರಪೇಟೆ):
ಮೆಷಿನ್ ಬೇಡ. ಬಿಸಿ ಮಾಡಿ ಒಣಗಿಸಿದ್ದು ಒಣಗಿದ ಊಟವೇ ಹೊರತು ಗೊಬ್ಬರ ಅಲ್ಲ. ನೀರು ತಾಗಿದ ಕೂಡಲೇ ಮತ್ತೆ ಹುಳಿ ಬರುತ್ತೆ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಒಳಗಿನದ್ದನ್ನು ಕೈಯಲ್ಲೇ ತೆಗೀಬೇಕು.

ಗುಂಡಿಯೂ ಬೇಡ, ನೀರು ನಿಲ್ಲುತ್ತೆ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಕಾಂಕ್ರೀಟ್ ಹಾಸಿ, ನಾಲ್ಕಡಿ ಅಗಲ, ನಾಲ್ಕಡಿ ಉದ್ದ, ಮೂರೂಕಾಲಡಿ ಎತ್ತರದ ತೊಟ್ಟಿ ಕಟ್ಟಿಸಿ, ಇಟ್ಟಿಗೆ ನಡುವೆ ಗಾಳಿಗೆ ಸಂದು ಬಿಡಿ. ದಿನಕ್ಕೆ 50 ಕೆಜಿ ಹಸಿಕಸ ಅಂದರೆ ಸುಮಾರು 110 ಲೀಟರ್. ಅಷ್ಟೇ ಅಳತೆಯ ಒಣ ಪದಾರ್ಥ (ಒಣ ಎಲೆ, ಹೊಟ್ಟು) ಸೇರಿಸಿದರೂ ಕುಸಿದು ಅರ್ಧ ಆಗುವುದರಿಂದ ಒಂದು ತೊಟ್ಟಿ 12-13 ದಿನಕ್ಕೆ ತುಂಬುತ್ತೆ. ಮಾಗಲು ಮಳೆಗಾಲದಲ್ಲಿ ಎರಡು ತಿಂಗಳು ಬೇಕು. ಹಾಗಾಗಿ ಆರು ತೊಟ್ಟಿ. ಸೂರಿನ ಶೀಟ್ ಮೂರಡಿ ಹೊರಗೆ ಚಾಚಿರಲಿ, ಇಲ್ಲಿ ಮಳೆ ನೇರಕ್ಕೆಲ್ಲಿ ಬೀಳುತ್ತೆ?

ಎಲ್ಲರೂ ಸೋಲೋದು ಒಣ ಪದಾರ್ಥದಲ್ಲಿ. ಜುಲೈನಲ್ಲಿ ಹುಡುಕಿದರೆ ಒಣ ಎಲೆ ಎಲ್ಲೂ ಸಿಗಲ್ಲ. ಕುಶಾಲನಗರದ ಹತ್ತಿರ ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಚೆರ್ರಿ ಹೊಟ್ಟು (ಒಣಗಿದ ಕಾಫಿ ಹಣ್ಣಿನ ಸಿಪ್ಪೆ) ವಿಚಾರಿಸಿ, ದಿನಕ್ಕೊಂದು ದೊಡ್ಡ ಚೀಲದ ಲೆಕ್ಕದಲ್ಲಿ ನಾಲ್ಕು ತಿಂಗಳಿಗೆ 120 ಚೀಲ ಮೇ ಮುಗಿಯುವುದರೊಳಗೆ ಶೆಡ್ಡಿಗೆ ಹಾಕಿಸಿ. ಹಸಿ ಕಾಫಿ ಹಣ್ಣು ಸುಲಿದಾಗ ಬರುವ ಪಲ್ಪಿಂಗ್ ಸಿಪ್ಪೆ ತರಬೇಡಿ, ಅದೇ ಹಸಿ. ತೋಟದ ಸಿಲ್ವರ್ ಓಕ್ ಮರದ ಎಲೆ ಹಾಕಬಹುದು, ಪುಡಿ ಮಾಡದಿದ್ದರೆ ಹಾಗೇ ಉಳಿಯುತ್ತೆ.

ಹದ ನೋಡೋಕೆ ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಹೊಟ್ಟು ಸಾಲದು. ಕೊಳೆತ ಮೊಟ್ಟೆ ವಾಸನೆಗೆ ಕಾರಣ ಗಾಳಿ ಇಲ್ಲದ್ದು, ಮಗುಚಿ. ಮೂಗಿಗೆ ಅಮೋನಿಯಾ ಹೊಡೆದರೆ ಹೊಟ್ಟು ಹೆಚ್ಚಿಸಿ.

ಪ್ರಶ್ನೆ ಕೇಳಿದವರು:
ಹೋಟೆಲಲ್ಲಿ ಪಂದಿ ಕರಿ (ಹಂದಿ ಮಾಂಸದ ಸಾರು) ಇದೆ. ಮೂಳೆ? ಹಲಸಿನ ಸಿಪ್ಪೆ?

ಉತ್ತರ 2:
ಮೂಳೆ ಹಾಕಬೇಡಿ, ಎರಡು ತಿಂಗಳಲ್ಲಿ ಕರಗಲ್ಲ, ನಾಯಿ-ಹೆಗ್ಗಣ ಬರುತ್ತೆ. ಮೂಳೆ, ಹಸಿ ಮಾಂಸ ಬೇರೆ ಡಬ್ಬದಲ್ಲಿ ಮುಚ್ಚಿಟ್ಟು ಗಾಡಿಗೆ ಕೊಡಿ. ತಟ್ಟೆಯಲ್ಲಿ ಉಳಿದ ಗ್ರೇವಿಯನ್ನು ಸೋಸಿ ಹಾಕಿ, ಎಣ್ಣೆ ಜಾಸ್ತಿಯಾದರೆ ರಾಶಿ ಮುದ್ದೆ ಕಟ್ಟುತ್ತೆ. ಹಲಸಿನ ಸಿಪ್ಪೆಯನ್ನು ಎರಡಿಂಚು ತುಂಡು ಮಾಡಿ ರಾಶಿ ನಡುವೆ ಹುಗಿದು, ಮೇಲೆ ನಾಲ್ಕು ಬೆರಳು ಹೊಟ್ಟು ಮುಚ್ಚಿ. ಕಾಡಂಚಿನಲ್ಲಿದ್ದರೆ ತೊಟ್ಟಿಗೆ ಹಾಕಲೇಬೇಡಿ, ಆ ವಾಸನೆಗೆ ಆನೆ ಬರುತ್ತೆ.

ಉತ್ತರ 1:
ಒಣಕಸಕ್ಕೂ ಸೂರು ಬೇಕು ಸರ್. ನೆನೆದ ರಟ್ಟನ್ನು ಗುಜರಿಯವರು ಮುಟ್ಟಲ್ಲ. ಹಾಲಿನ ಕವರ್ ತೊಳೆದು ಹಗ್ಗಕ್ಕೆ ಹಾಕಿಸಿ, ಬಾಟಲಿ ಬೇರೆ ಚೀಲದಲ್ಲಿರಲಿ. ಸುಡೋದಂತೂ ಬೇಡ, ಅದಕ್ಕೆ ಬೇರೆಯೇ ದಂಡ.